ಮನೆ ಭೇಟಿ ತಂಡಕ್ಕೆ ವರ್ಷ ತುಂಬಿತು: ಎಲ್ಲರಿಗೂ ವಂದನೆ

ಫೆಬ್ರವರಿ 11, ಲೂರ್ದು ಮಾತೆ ಮರಿಯಮ್ಮನವರ ಹಬ್ಬದ ದಿನ, ಮನೆಯಲ್ಲೇ ಇರುವ ರೋಗಿಗಳನ್ನು ನೋಡಿಬರುವ ನಮ್ಮ ಧರ್ಮಕೇಂದ್ರದ (ಚರ್ಚ್ ವ್ಯಾಪ್ತಿಯ) ಮನೆ ಭೇಟಿ ತಂಡಕ್ಕೆ ಒಂದು ವರ್ಷ ತುಂಬಿತು. ಪೋಪ್ ಎರಡನೇ ಜಾನ್ ಪಾಲ್ ಅವರು 1992ರಲ್ಲಿ ಈ ದಿನವನ್ನು ರೋಗಿಗಳ ವಿಶ್ವ ದಿನವೆಂದು ಸಾರಿದರು, 1993ರಿಂದ ಅದು ಆಚರಣೆಯಲ್ಲಿದೆ. ಈ ಸಲ ಹಾಸಿಗೆ ಹಿಡಿದವರನ್ನೂ ಗಾಲಿಕುರ್ಚಿಯಲ್ಲಿರುವವರನ್ನೂ ದೇವಾಲಯಕ್ಕೇ ಕರೆತಂದು ಬಲಿಪೂಜೆ (ಮಾಸ್), ರೋಗಿಗಳ ಅಭ್ಯಂಗ (ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಎರಡನ್ನೂ ನಡೆಸಿದೆವು. ಕೊನೆಯಲ್ಲಿ ವಂದನಾರ್ಪಣೆಗೆ ಸಿಕ್ಕಿದ್ದು ನಾಲ್ಕೇ ಮಾತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು, ಹಾಗಾಗಿ ಹೆಸರುಗಳಿಲ್ಲ. ಮಾಡಿದ ಕೆಲಸವನ್ನಷ್ಟೇ ಹೇಳುತ್ತೇವೆ. ಬೇರೆ ಊರಿನ ಧರ್ಮಕೇಂದ್ರದವರು ಇಂಥ ತಂಡ ಕಟ್ಟುವುದಾದರೆ ಅವರಿಗೂ ಉಪಯೋಗಕ್ಕೆ ಬಂದೀತು.

ಮೊದಲ ವಂದನೆ ಬಾಗಿಲು ತೆರೆದ ಮನೆಗಳಿಗೆ. ರೋಗಿಯಿರುವ ಮನೆ ನೆಂಟರಿಗೆಂದು ಸಿದ್ಧವಾಗಿರುವುದಿಲ್ಲ. ಮೂತ್ರದ ವಾಸನೆ ಇರುತ್ತದೆ, ಒಗೆಯಬೇಕಾದ ಬಟ್ಟೆ ಮೂಲೆಯಲ್ಲಿ ಬಿದ್ದಿರುತ್ತದೆ. ಅಂಥ ಹೊತ್ತಿನಲ್ಲಿ ಹೊರಗಿನವರನ್ನು ಒಳಗೆ ಕರೆಯಲು ಬಹಳ ದೊಡ್ಡ ಮನಸ್ಸು ಬೇಕು. ತಂಡದ ಪದ್ಧತಿಯನ್ನು ರೂಪಿಸಿದ್ದೂ ಈ ಮನೆಗಳೇ. ಭೇಟಿಗೆ ಇಬ್ಬರೇ ಹೋಗುವುದು, ಪ್ರತಿ ಸಲವೂ ಅದೇ ಇಬ್ಬರು. ವಾರದಲ್ಲಿ ಗೊತ್ತುಮಾಡಿದ ದಿನ, ಹಿಂದಿನ ಸಂಜೆ ಫೋನು. ಅರ್ಧ ಗಂಟೆಗಿಂತ ಹೆಚ್ಚು ಕೂರುವುದಿಲ್ಲ. ಮಂಚದ ಪಕ್ಕ ನಿಂತು ಮಾತಾಡದೆ ರೋಗಿಯ ಕಣ್ಣಿನ ಮಟ್ಟಕ್ಕೆ ಸ್ಟೂಲು ಎಳೆದುಕೊಂಡು ಕೂರುವುದು. 'ಜಪ ಮಾಡೋಣವೇ?' ಎಂದು ಕೇಳುವುದು, ಬೇಡವೆಂದರೆ ಬೇಡ. 'ಎಲ್ಲಾ ದೇವರ ಚಿತ್ತ' ಎಂಬ ಮಾತನ್ನು ಮೊದಲ ಭೇಟಿಗಳಲ್ಲಿ ಆಡಲೇಬಾರದು ಎಂದು ಕಟ್ಟುನಿಟ್ಟು ಮಾಡಿದ್ದೆವು. ನರಳುತ್ತಿರುವವರ ಎದುರು ಆ ಮಾತು ಬಾಯಿ ಮುಚ್ಚಿಸುವ ಮಾತಾಗಿಬಿಡುತ್ತದೆ, ಆಮೇಲೆ ಅವರು ನೋವನ್ನು ಹೇಳಿಕೊಳ್ಳುವುದಿಲ್ಲ.

ಇಬ್ಬಿಬ್ಬರಾಗಿ ಹೋಗುವ ಕ್ರಮ ನಾವು ಕಂಡುಹಿಡಿದದ್ದಲ್ಲ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಜನಾಂ ಎಂಬ ಇಪ್ಪತ್ತರ ವಿದ್ಯಾರ್ಥಿ ಗೆಳೆಯರೊಂದಿಗೆ ಶುರುಮಾಡಿದ ಸಂತ ವಿನ್ಸೆಂಟ್ ದೆ ಪೌಲ್ ಸಂಘದವರು ಇಂದಿಗೂ ಹೀಗೇ ಹೋಗುತ್ತಾರೆ. ಆ ಹುಡುಗರಿಗೆ ಬಡವರ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ತಿಳಿಹೇಳಿದವರು ಸಿಸ್ಟರ್ ರೋಸಲಿ ರೆಂಡು. 1997ರಲ್ಲಿ ಓಜನಾಂ ಅವರನ್ನು ಪುನೀತರೆಂದು (ಸಂತ ಪದವಿಗೆ ಮುಂಚಿನ ಪದವಿ) ಸಾರಲಾಯಿತು. ಆ ಸಂಘದ ಸಭೆಗಳಲ್ಲಿ ಕಾಣಿಕೆಯ ಚೀಲ ಸುತ್ತು ಬರುತ್ತದೆ, ಯಾರು ಎಷ್ಟು ಹಾಕಿದರೆಂದು ಪಕ್ಕದವರಿಗೂ ತಿಳಿಯುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತನ್ನು ಲೆಕ್ಕಪುಸ್ತಕದ ಮಟ್ಟಕ್ಕೆ ಇಳಿಸಿದ ಉಪಾಯವಿದು. ನಮ್ಮ ಖಜಾಂಚಿಯವರು ಇದನ್ನೇ ಪಾಲಿಸಿದರು. ಖರ್ಚಿನ ಪಟ್ಟಿ ಪ್ರತಿ ತಿಂಗಳು ಸೂಚನಾ ಫಲಕಕ್ಕೆ ಬರುತ್ತಿತ್ತು, ಕೊಟ್ಟವರ ಪಟ್ಟಿ ಒಮ್ಮೆಯೂ ಬರಲಿಲ್ಲ. ಕೆಲವರಿಗೆ ಬೇಸರವಾದದ್ದು ಗೊತ್ತಿದೆ. ಖಜಾಂಚಿಯವರು ಜಗ್ಗಲಿಲ್ಲ, ಅದಕ್ಕಾಗಿ ಅವರಿಗೆ ವಿಶೇಷ ವಂದನೆ. ಅಕ್ಕಿ ಬೇಳೆ ಕೊಡುವಾಗ ಫೋನು ಜೇಬಿನಿಂದ ಹೊರಗೆ ತೆಗೆಯದ ಯುವಕರಿಗೂ.

ಇನ್ನು ಮನೆಯೊಳಗೆ ಹಗಲಿರುಳು ದುಡಿದವರು. ಹೆಂಡತಿ, ಸೊಸೆ, ಮಗಳು, ಒಂದೆರಡು ಮನೆಗಳಲ್ಲಿ ಮಗ. ಮಲಗಿದ್ದಲ್ಲೇ ಇರುವವರಿಗೆ ಹಾಸಿಗೆ ಹುಣ್ಣು ಆಗದಂತೆ ನೋಡಿಕೊಳ್ಳುವುದು ಎಂಥ ಕೆಲಸವೆಂದು ಮಾಡಿದವರಿಗೇ ಗೊತ್ತು. ಹಗಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು: ಆರಕ್ಕೆ ಎಡ, ಎಂಟಕ್ಕೆ ಅಂಗಾತ, ಹತ್ತಕ್ಕೆ ಬಲ. ಗೋಡೆಗೆ ಚೀಟಿ ಅಂಟಿಸಿ ಗುರುತು ಹಾಕದಿದ್ದರೆ ಲೆಕ್ಕ ತಪ್ಪುತ್ತದೆ. ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಬೀಳುತ್ತದೆ. ಆದ್ದರಿಂದ ಬೆನ್ನಿಗೆ ದಿಂಬು ಒತ್ತಿ ಸ್ವಲ್ಪವೇ ವಾಲಿಸಬೇಕು. ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈಹಾಕಿ ಎಳೆದರೆ ಚರ್ಮ ತರಚುತ್ತದೆ. ಹಳೆಯ ಹತ್ತಿ ಸೀರೆಯನ್ನು ಮಡಿಸಿ ಭುಜದಿಂದ ತೊಡೆಯವರೆಗೆ ಕೆಳಗೆ ಹಾಸಿಟ್ಟು, ಇಬ್ಬರು ಎರಡು ಬದಿ ಹಿಡಿದು ಎತ್ತಿ ಸರಿಸಬೇಕು.

ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಕೆಂಪು ಕಂಡರೆ ಬೆರಳಿನಿಂದ ಒತ್ತಿ ನೋಡಬೇಕು. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಭಾರ ತೆಗೆದರೆ ಸಾಕು. ಒತ್ತಿದರೂ ಕೆಂಪು ಹಾಗೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ, ಅದೇ ದಿನ ನರ್ಸ್ ಸಿಸ್ಟರ್‌ಗೆ ತೋರಿಸಬೇಕು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ, ಬಿಸಿ ಅಥವಾ ಗಟ್ಟಿಯಾಗಿದೆಯೇ ಎಂದು ಮುಟ್ಟಿ ತಿಳಿಯಬೇಕು. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ರೂಢಿ. ಪ್ರೀತಿಯಿಂದಲೇ ತಿಕ್ಕುತ್ತಾರೆ, ಆದರೆ ಒಳಗಿನ ಸಣ್ಣ ರಕ್ತನಾಳಗಳು ಮೊದಲೇ ಜಜ್ಜಿರುವಲ್ಲಿ ತಿಕ್ಕಿದರೆ ಹುಣ್ಣು ಬೇಗ ಬಾಯಿಬಿಡುತ್ತದೆ. ಗಾಳಿ ತುಂಬಿದ ರಬ್ಬರ್ ಬಳೆಯ ಮೇಲೆ ಕೂರಿಸುವುದೂ ಅಷ್ಟೇ, ಸುತ್ತಲಿನ ರಕ್ತ ಸಂಚಾರ ನಿಲ್ಲುತ್ತದೆ. ಏರ್ ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ಇದೆಯಲ್ಲ ಎಂದು ಮಗ್ಗುಲು ಬದಲಿಸುವುದನ್ನು ಬಿಟ್ಟ ಕಡೆ, ಅದರ ಮೇಲೆ ದಪ್ಪ ಜಮಖಾನ ಹಾಸಿದ ಕಡೆ ಉಪಯೋಗವಾಗಲಿಲ್ಲ. ತೆಳುವಾದ ಒಂದೇ ಹಾಸು ಸಾಕು, ಪಂಪು ಸದಾ ಓಡುತ್ತಿರಬೇಕು, ಕರೆಂಟು ಹೋದಾಗ ಗಾಳಿ ಇಳಿದಿದೆಯೇ ಎಂದು ಕೈಯಿಂದ ಒತ್ತಿ ನೋಡಬೇಕು. ಇದನ್ನೆಲ್ಲ ಮನೆಮನೆಗೆ ಹೋಗಿ ಕೈಹಿಡಿದು ಕಲಿಸಿದ ನರ್ಸ್ ಸಿಸ್ಟರ್‌ಗಳಿಗೆ ಎಷ್ಟು ವಂದನೆ ಹೇಳಿದರೂ ಕಡಿಮೆ.

ಪವಿತ್ರ ಗುರುವಾರ, ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ, ಪೀಠದ ಮುಂದೆ ಹನ್ನೆರಡು ಜನರ ಪಾದ ತೊಳೆಯುವುದನ್ನು ಎಲ್ಲರೂ ನೋಡಿದ್ದೀರಿ. ತಂಡದ ಕೆಲವು ಹೆಂಗಸರು ಸಕ್ಕರೆ ಕಾಯಿಲೆಯವರ ಪಾದಗಳನ್ನು ವರ್ಷವಿಡೀ ತೊಳೆದರು. ಉಗುರು ಬೆಚ್ಚನೆಯ ನೀರು, ಅದನ್ನು ಮೊಣಕೈಯಿಂದ ಪರೀಕ್ಷಿಸಬೇಕು. ರೋಗಿಯ ಪಾದಕ್ಕೆ ಜೋಮು ಹಿಡಿದಿದ್ದರೆ ಸುಟ್ಟರೂ ತಿಳಿಯದು. ಕಾಲನ್ನು ತುಂಬಾ ಹೊತ್ತು ನೆನೆಸುವಂತಿಲ್ಲ. ಒರೆಸುವಾಗ ಬೆರಳ ಸಂದುಗಳನ್ನು ಒಂದೊಂದಾಗಿ ಒಣಗಿಸಬೇಕು. ತೇವ ಉಳಿದರೆ ಚರ್ಮ ಬೆಳ್ಳಗಾಗಿ ಸೀಳುತ್ತದೆ, ಅಲ್ಲಿಂದಲೇ ಸೋಂಕು. ಕೊಬ್ಬರಿ ಎಣ್ಣೆ ಪಾದದ ಮೇಲೆ, ಕೆಳಗೆ ಹಚ್ಚಬಹುದು, ಬೆರಳ ಸಂದಿಗೆ ಬೇಡ. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆಗಳನ್ನು ಒಳಕ್ಕೆ ಕೊರೆಯಬಾರದು. ಆಣಿಯನ್ನು ಬ್ಲೇಡಿನಿಂದ ಕೆರೆಯುವುದಂತೂ ಬೇಡವೇ ಬೇಡ. ಕೊನೆಗೆ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡುವುದು, ಚಪ್ಪಲಿಯೊಳಗೆ ಕೈಹಾಕಿ ಕಲ್ಲು, ಮೊಳೆ ಇದೆಯೇ ಎಂದು ತಡವುವುದು. ಇದನ್ನು ಮಾಡಿದ ಒಬ್ಬರಾದರೂ ಸ್ಥಳೀಯ ಸಭೆಯಲ್ಲಿ ಸಾಕ್ಷ್ಯ ಹೇಳಲು ಎದ್ದು ನಿಲ್ಲಲಿಲ್ಲ ಎಂಬುದನ್ನು ಗಮನಿಸಿದ್ದೇವೆ.

ಪರಮಪ್ರಸಾದವನ್ನು, ಅಂದರೆ ಬಲಿಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ರೋಗಿಗಳ ಮನೆಗೆ ಒಯ್ದ ಸೇವಾಕರ್ತರಿಗೆ ವಂದನೆ. ಬಿಳಿ ಬಟ್ಟೆ ಹಾಸಿದ ಸಣ್ಣ ಮೇಜು, ಶಿಲುಬೆ, ಮೇಣದಬತ್ತಿ, ಒಂದು ಲೋಟ ನೀರು, ಮನೆಯವರು ಇಷ್ಟು ಸಿದ್ಧಮಾಡಿದರೆ ಸಾಕು. ಆಮ್ಲಜನಕದ ಸಿಲಿಂಡರ್ ಅಥವಾ ಯಂತ್ರ ಇರುವ ಕೋಣೆಯಲ್ಲಿ ಮಾತ್ರ ಬತ್ತಿ ಹಚ್ಚಲೇಬಾರದು, ಬೆಂಕಿ ಹತ್ತುವ ಅಪಾಯವಿದೆ. ನುಂಗಲು ಕಷ್ಟವಾದವರಿಗೆ ಚಿಕ್ಕ ಚೂರು ಸಾಕು, ಅದರಲ್ಲೂ ಕ್ರಿಸ್ತರು ಪೂರ್ಣವಾಗಿದ್ದಾರೆ. ಎಬ್ಬಿಸಿ ಕೂರಿಸಿಯೇ ಕೊಡಬೇಕು. ಪಾರ್ಶ್ವವಾಯು ಆದವರಿಗೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು, ಅದಕ್ಕೇ ಮೊದಲು ಮನೆಯವರನ್ನು ಕೇಳಬೇಕು. ಬೆಳಿಗ್ಗೆ ತಿಂಡಿ ತಿಂದುಬಿಟ್ಟೆವಲ್ಲ ಎಂದು ಹಲವರು ಪ್ರಸಾದವನ್ನೇ ಬೇಡವೆನ್ನುತ್ತಿದ್ದರು. ಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದ ನಿಯಮ ವೃದ್ಧರಿಗೂ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಅನ್ವಯಿಸುವುದಿಲ್ಲ.

ರೋಗಿಗಳ ಅಭ್ಯಂಗವೆಂದರೆ ಸಾವಿನ ಗಳಿಗೆಯ ಸಂಸ್ಕಾರ ಎಂಬ ಭಯ ಇನ್ನೂ ಹೋಗಿಲ್ಲ. ಬೈಬಲಿನಲ್ಲಿ ಯಕೋಬರ ಪತ್ರದ 5ನೇ ಅಧ್ಯಾಯ, 14ನೇ ವಚನ ಹೇಳುವುದು ಅಸ್ವಸ್ಥರ ಬಗ್ಗೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ, ಕಾಯಿಲೆ ಬಿಗಡಾಯಿಸಿದಾಗ, ಮುಪ್ಪಿನಿಂದ ಬಹಳ ಬಳಲಿದಾಗ ಕೇಳಿ ಪಡೆಯಬಹುದು, ಮತ್ತೆಯೂ ಪಡೆಯಬಹುದು. ಪ್ರಜ್ಞೆ ಇರುವಾಗಲೇ ಕರೆಸಿದರೆ ರೋಗಿ ತಾನೂ 'ಆಮೆನ್' ಎನ್ನಬಹುದು. ಅಪರಾತ್ರಿಯ ಫೋನಿಗೂ ಎದ್ದು ಬಂದ ಸ್ವಾಮಿಗಳಿಗೆ, ಅಂದರೆ ನಮ್ಮ ಪಾದ್ರಿಗಳಿಗೆ, ನಾವೆಲ್ಲ ಋಣಿಗಳು.

ಹಬ್ಬದ ದಿನ ಜನರನ್ನು ಕರೆತಂದದ್ದು ಇನ್ನೊಂದು ಸಾಹಸ. ದೇವಾಲಯದ ಮೆಟ್ಟಿಲಿಗೆ ಹಲಗೆಯ ಇಳಿಜಾರು ಕಟ್ಟಿದ ಬಡಗಿಯವರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂದು ಹಟ ಹಿಡಿದದ್ದು ಸರಿಯೇ ಆಯಿತು. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ತಳ್ಳುವವರ ಕೈ ಸೋಲುತ್ತದೆ. ಮಹಡಿ ಮನೆಗಳಿಂದ ಇಳಿಸಲು ಗಟ್ಟಿ ಮರದ ಕುರ್ಚಿ ಬಳಸಿದರು. ಪ್ಲಾಸ್ಟಿಕ್ ಕುರ್ಚಿಯ ಕಾಲು ಭಾರಕ್ಕೆ ಬಳುಕುತ್ತದೆ. ಸೊಂಟಕ್ಕೆ ಬಟ್ಟೆ ಕಟ್ಟಿ, ಹಿಂದೆ ಒಬ್ಬರು ಬೆನ್ನಿನ ಪಟ್ಟಿ, ಮುಂದೆ ಒಬ್ಬರು ಕಾಲುಗಳನ್ನು ಹಿಡಿದು, ಮೂರನೆಯವರು ಕೆಳಗೆ ನಿಂತು ಮೆಟ್ಟಿಲು ಎಣಿಸುತ್ತಾ ಇಳಿಸುವುದು. ನಾಲ್ಕನೆಯವರ ಕೆಲಸ ಮೂತ್ರದ ಚೀಲ ಹಿಡಿಯುವುದು. ಅದು ಸದಾ ಮೂತ್ರಕೋಶದ ಮಟ್ಟಕ್ಕಿಂತ ಕೆಳಗಿರಬೇಕು. ತೊಡೆಯ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿದು ಸೋಂಕು ತಗಲುತ್ತದೆ. ಶುಭಸಂದೇಶಕಾರ ಮಾರ್ಕ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರ ಬಗ್ಗೆ ಬರೆಯುತ್ತಾನೆ, ಅವರ ಹೆಸರು ಹೇಳುವುದಿಲ್ಲ. ನಮ್ಮ ಹುಡುಗರೂ ಹಾಗೇ ಇರಲಿ ಎಂದರು.

ಶೌಚಾಲಯದ ಬಾಗಿಲು ಕಿರಿದಾಗಿದ್ದು ಈ ಸಲದ ಕೊರತೆ. ಹೊರಗೆ ಹೋದರೆ ಮೂತ್ರಕ್ಕೆ ಏನು ಮಾಡುವುದೆಂಬ ಅಳುಕಿಗೆ ಕೆಲವರು ಹಿಂದಿನ ರಾತ್ರಿಯಿಂದಲೇ ನೀರು ಕುಡಿದಿರಲಿಲ್ಲ. ಮುಂದಿನ ವರ್ಷ ಪರದೆ ಕಟ್ಟಿ ಕಮೋಡ್ ಕುರ್ಚಿ ಇಡುತ್ತೇವೆ, ಅದನ್ನು ಒಂದು ವಾರ ಮೊದಲೇ ಎಲ್ಲ ಮನೆಗೂ ತಿಳಿಸುತ್ತೇವೆ.

ಆಟೋಗಳನ್ನು ತಂದವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ರಾತ್ರಿ ಹೊತ್ತು ಮಗ್ಗುಲು ಬದಲಿಸಲು ಕೈಜೋಡಿಸಿದ ಪಕ್ಕದ ಮನೆಯವರಲ್ಲೂ ಹಿಂದೂಗಳು, ಮುಸ್ಲಿಮರು ಇದ್ದಾರೆ. ಬಾಡಿಗೆ ತೆಗೆದುಕೊಳ್ಳಿ ಎಂದರೆ ಆಟೋದವರು ಬೈದರು. ನಾಡ ಕಚೇರಿಗೆ ಅಲೆದು ಪಿಂಚಣಿ ಅರ್ಜಿ ಹಾಕಿಸಿದವರನ್ನೂ ಮರೆಯಲಾಗದು. ದುಡಿದು ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗುವುದಿಲ್ಲ, ಆಗ ಕಣ್ಣಿನ ಪಾಪೆಯ ಗುರುತು ತೆಗೆಯುವಂತೆ ಕೇಳಬೇಕೆಂದು ಕಲಿಸಿಕೊಟ್ಟವರು ಅವರೇ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬರುತ್ತಿದೆ, ಹಾಗಾಗಿ ಒಂದು ಮಾತು. ಉಪವಾಸದ ಕಟ್ಟಳೆ 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ, ಮಾಂಸ ವರ್ಜನೆ 14 ತುಂಬಿದವರಿಗೆ. ರೋಗಿಗಳಿಗೆ ಉಪವಾಸವಿಲ್ಲ. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಹಿರಿಯರು ಕೇಳುವುದಿಲ್ಲ, ಸ್ವಾಮಿಗಳ ಬಾಯಿಂದಲೇ ಹೇಳಿಸಿ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮನೆಗೆ ಬೂದಿ ತರಬೇಕಾದವರು ಹಿಂದಿನ ಭಾನುವಾರದೊಳಗೆ ವಾರ್ಡಿನ ಮುಖಂಡರಿಗೆ ತಿಳಿಸಿರಿ. ಎರವಲು ಒಯ್ದ ವಾಕರ್, ಏರ್ ಬೆಡ್ ಪಂಪುಗಳಲ್ಲಿ ಕೆಲಸ ಮುಗಿದವನ್ನು ಒರೆಸಿ, ಪಂಪಿನ ವೈರು ಸುತ್ತಿ, ಧರ್ಮಕೇಂದ್ರದ ಕಚೇರಿಗೆ ತಂದುಕೊಡಿ. ಕಾಯುತ್ತಿರುವ ಮನೆಗಳಿವೆ.