ಪತ್ರಿಕೆ ನಿಲ್ಲಿಸಿದ ಗೆಳೆಯನಿಗೆ

ಪ್ರಿಯ ಗೆಳೆಯಾ,

ನಿಮ್ಮ ತಂದೆಯವರ ಕಾಲದಿಂದ ಮನೆಗೆ ಬರುತ್ತಿದ್ದ ಪತ್ರಿಕೆಯನ್ನು ನಿಲ್ಲಿಸಿಬಿಟ್ಟೆನೆಂದು ಬರೆದಿದ್ದೀಯೆ. ಮಾಧ್ಯಮದವರೆಲ್ಲ ಎದುರು ಪಕ್ಷಕ್ಕೆ ಮಾರಿಕೊಂಡಿದ್ದಾರೆ ಎಂಬುದು ನಿನ್ನ ದೂರು. ಮಾರಿಕೊಂಡಿದ್ದಾರೆ ಎಂಬಲ್ಲಿಯವರೆಗೆ ನಿನ್ನ ಮಾತನ್ನು ಒಪ್ಪುತ್ತೇನೆ. ಎದುರು ಪಕ್ಷಕ್ಕೆ ಮಾತ್ರ ಎಂಬುದನ್ನು ಒಪ್ಪಲಾರೆ.

2009ರ ಲೋಕಸಭಾ ಚುನಾವಣೆಯ ನಂತರ 'ಕಾಸಿಗಾಗಿ ಸುದ್ದಿ'ಯ, ಅಂದರೆ ಹಣ ಪಡೆದು ಪ್ರಚಾರವನ್ನೇ ಸುದ್ದಿಯೆಂದು ಅಚ್ಚು ಹಾಕುವುದರ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿಯೊಂದು ವಿಚಾರಣೆ ನಡೆಸಿತ್ತು. ಒಂದೇ ಲೇಖನ ಪ್ರತಿಸ್ಪರ್ಧಿ ಪತ್ರಿಕೆಗಳಲ್ಲಿ ಬೇರೆ ಬೇರೆ ವರದಿಗಾರರ ಹೆಸರಿನಲ್ಲಿ ಅಚ್ಚಾಗಿದ್ದುದನ್ನು ಅದು ದಾಖಲಿಸಿತು. ಅದಕ್ಕಿಂತ ಸ್ವಾರಸ್ಯವಾದ ಸಂಗತಿಯೆಂದರೆ, ಒಂದೇ ಕ್ಷೇತ್ರದ ಇಬ್ಬರು ಎದುರಾಳಿಗಳಲ್ಲಿ ಇವರೇ ಗೆಲ್ಲುವರೆಂದು ಒಂದು ಬರಹ, ಅಲ್ಲ ಅವರೇ ಗೆಲ್ಲುವರೆಂದು ಇನ್ನೊಂದು ಬರಹ, ಎರಡೂ ಒಂದೇ ಪತ್ರಿಕೆಯ ಒಂದೇ ಪುಟದಲ್ಲಿ ಬಂದಿದ್ದವು! ಅಂಗಡಿಯವನು ಗಿರಾಕಿಯ ಜಾತಿ ಕೇಳುವುದಿಲ್ಲವಲ್ಲ. ಪತ್ರಿಕೆಗಳ ಹೆಸರುಗಳಿದ್ದ 71 ಪುಟಗಳ ಉಪಸಮಿತಿಯ ಆ ವರದಿಯನ್ನು ಮಂಡಳಿಯೇ ಬದಿಗಿಟ್ಟು, 2010ರಲ್ಲಿ ಹೆಸರುಗಳಿಲ್ಲದ ಚಿಕ್ಕ ವರದಿಯನ್ನು ಹೊರಡಿಸಿತು. ಪೂರ್ಣ ಪಾಠ ಹೊರಬರಲು 2011ರಲ್ಲಿ ಕೇಂದ್ರ ಮಾಹಿತಿ ಆಯೋಗವೇ ಆದೇಶಿಸಬೇಕಾಯಿತು.

ಅದೇ ವರ್ಷ ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮಲೇಶ್ ಯಾದವ್ ಅವರನ್ನು, 2007ರ ಚುನಾವಣೆಯಲ್ಲಿ ಸುದ್ದಿಯ ವೇಷದಲ್ಲಿ ಬಂದ ಪ್ರಚಾರದ ಖರ್ಚನ್ನು ಲೆಕ್ಕದಲ್ಲಿ ತೋರಿಸಲಿಲ್ಲವೆಂದು, ಚುನಾವಣಾ ಆಯೋಗವು ಮೂರು ವರ್ಷಗಳ ಕಾಲ ಅನರ್ಹಗೊಳಿಸಿತು. ಕೊಂಡವರು ಪದವಿ ಕಳೆದುಕೊಂಡರು. ಮಾರಿದ ಪತ್ರಿಕೆಗಳು ಮರುದಿನವೂ ಎಂದಿನಂತೆ ಓದುಗರ ಮನೆಬಾಗಿಲಿಗೆ ಬಂದು ಬಿದ್ದವು, ಏಕೆಂದರೆ ಪತ್ರಿಕಾ ಮಂಡಳಿಗೆ ಛೀಮಾರಿ ಹಾಕುವ ಅಧಿಕಾರವಿದೆಯೇ ಹೊರತು ದಂಡ ಹಾಕುವ ಅಧಿಕಾರವಿಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ.

ನಿನ್ನ ಅಪನಂಬಿಕೆಯಾದರೋ ನಿನ್ನ ಪಕ್ಷವನ್ನು ಟೀಕಿಸಿದ ದಿನ ಮಾತ್ರ ಎಚ್ಚರಗೊಳ್ಳುತ್ತದೆ. 2016ರ ನವೆಂಬರಿನಲ್ಲಿ, ಎರಡು ಸಾವಿರ ರೂಪಾಯಿಯ ನೋಟಿನಲ್ಲಿ ಚಿಪ್ ಇದೆಯೆಂದು ಸುದ್ದಿವಾಹಿನಿಯವರು ಹೇಳಿದ ರಾತ್ರಿ ನನಗೆ ಫೋನ್ ಮಾಡಿ ಸಂಭ್ರಮಿಸಿದವನು ನೀನೇ. ನಾನೂ ಅರ್ಧ ನಂಬಿದ್ದೆ, ಸುಳ್ಳೇಕೆ ಹೇಳಲಿ. ಅದು ಸುಳ್ಳೆಂದು ಗೊತ್ತಾದ ಮೇಲೂ ನೀನು ಆ ವಾಹಿನಿಯನ್ನು ಬಿಡಲಿಲ್ಲ. ಈಗ ಪತ್ರಿಕೆಯ ಬದಲು ನೀನು ನಂಬಿಕೊಂಡಿರುವ ಯೂಟ್ಯೂಬಿನ ಮಹಾಶಯರಿಗೆ ಹಣ ಎಲ್ಲಿಂದ ಬರುತ್ತದೆಂದು ಒಮ್ಮೆಯಾದರೂ ಕೇಳಿದ್ದೀಯಾ?

ಪತ್ರಿಕೆಯನ್ನು ಮತ್ತೆ ಹಾಕಿಸಿಕೋ ಎಂದು ನಾನು ಒತ್ತಾಯಿಸುವುದಿಲ್ಲ. ಬರುವ ತಿಂಗಳು ಊರಿಗೆ ಬರುವಾಗ ಆ 71 ಪುಟಗಳ ಪ್ರತಿಯನ್ನು ತರುತ್ತೇನೆ. ಅದರಲ್ಲಿರುವ ಹೆಸರುಗಳನ್ನು ಜಗಲಿಯಲ್ಲಿ ಕುಳಿತು ಇಬ್ಬರೂ ಸೇರಿ ಓದೋಣ.

ನಿನ್ನ ಗೆಳೆಯ