ತುಪ್ಪಳದ ಚರ್ಮ ಹದಮಾಡಲು ಪಟಿಕ ಸಾಲದು

ಮಾನ್ಯ ಸಂಪಾದಕರೇ,

ಹಸಿ ಚರ್ಮಕ್ಕೆ ಉಪ್ಪು, ಪಟಿಕ ಸವರಿದರೆ ತುಪ್ಪಳದ (ಕೂದಲು ಉಳಿಸಿದ ಚರ್ಮದ) ಹಾಸು ಸಿದ್ಧ ಎಂಬ ಸಲಹೆ ಅರ್ಧಸತ್ಯ. ನೀರು ತಾಗಿದರೆ ಪಟಿಕ ಕರಗಿ ಹೋಗುತ್ತದೆ, ಚರ್ಮ ಒಣಗಿ ಹಲಗೆಯಂತೆ ಸೆಟೆಯುತ್ತದೆ. ಪಟಿಕದಿಂದ ಉಳಿದ ಆಮ್ಲ ವರ್ಷಗಳಲ್ಲಿ ಚರ್ಮದ ನಾರನ್ನೇ ತಿನ್ನುತ್ತದೆ.

ಮೊಲದಂಥ ತೆಳು ಚರ್ಮವನ್ನು ಮನೆಯಲ್ಲಿ ಹದಮಾಡುವುದು ಸಾಧ್ಯ. ಕುರಿಯದೂ ಸರಿ, ರಟ್ಟೆಯಲ್ಲಿ ಬಲವಿದ್ದರೆ. ದನದ ಚರ್ಮ ಮಾತ್ರ ಬೇಡ. ಯಂತ್ರದಲ್ಲಿ ಹೆರೆದು ತೆಳುಮಾಡದಿದ್ದರೆ ಹದಮಾಡುವ ದ್ರಾವಣ ನಡುಪದರಕ್ಕೆ ಇಳಿಯದು. ಕಾರ್ಖಾನೆಯವರು ಮರದ ಹೊಟ್ಟಿನೊಡನೆ ಪೀಪಾಯಿಯಲ್ಲಿ ಉರುಳಿಸಿ ತರುವ ಮೆದುತನ ಕೈಗೆ ಬಾರದು.

ಹದಮಾಡಲು ಯಾರಿಗೆ ಕೊಟ್ಟರೂ ಮೊದಲ ಕೆಲಸ ನಿಮ್ಮದೇ: ಸುಲಿದ ಕೆಲವೇ ಗಂಟೆಗಳೊಳಗೆ ಮಾಂಸ, ಕೊಬ್ಬು ಹೆರೆದು, ಚರ್ಮದ ತೂಕದ ಅರ್ಧದಷ್ಟಾದರೂ ಸಣ್ಣ ಹರಳಿನ ಉಪ್ಪನ್ನು ಅಂಚು, ಮಡಿಕೆ ಬಿಡದೆ ಉಜ್ಜಿ. ಮರುದಿನ ಒದ್ದೆ ಉಪ್ಪು ಕೊಡವಿ ಹೊಸದು ಹಾಕಿ. ತಡವಾದರೆ ಬ್ಯಾಕ್ಟೀರಿಯಾ ಕೂದಲ ಬುಡ ಸಡಿಲಿಸುತ್ತವೆ. ಆಮೇಲೆ ಯಾವ ಪರಿಣತನೂ ಆ ತುಪ್ಪಳ ಉಳಿಸಲಾರ.

– ಚರ್ಮ ಹದಗಾರ