ಗೆಳೆಯನಿಗೊಂದು ಪತ್ರ: ಬೇರಿಂಗ್ ವಿಷಯ

ಲೋ ಮಾರಾಯಾ,

ನೀನಂತೂ ಫೋನ್ ಎತ್ತಲ್ಲ, ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಮೂರು ರೂಪಾಯಿ ವಿಷಯ ಎತ್ತಲ್ಲ, ಹೆದರಬೇಡ.

ಗ್ರೇಮ್ ಓಬ್ರಿ ನೆನಪಿದ್ದಾನಾ? ಸ್ಕಾಟ್ಲೆಂಡಿನವನು, ವಾಷಿಂಗ್ ಮೆಷಿನ್ನಿನ ಬೇರಿಂಗ್ ಹಾಕಿ ತಾನೇ ಸೈಕಲ್ ಕಟ್ಟಿದವನು. ಕೈ ಮಡಚಿ ಎದೆಯಡಿ ಸಿಕ್ಕಿಸಿಕೊಂಡು ತುಳಿಯುತ್ತಿದ್ದ. ನೀನು ನೋಡಿ 'ಚಳಿಗೆ ಮುದುರಿದ ಕೋಳಿ' ಅಂದಿದ್ದೆ.

1993ರ ಜುಲೈ 16, ನಾರ್ವೆಯ ಹಾಮಾರ್. ಒಂದು ಗಂಟೆಯಲ್ಲಿ ಎಷ್ಟು ದೂರ ತುಳಿಯಬಹುದು ಅನ್ನುವ ದಾಖಲೆ. ಇಟಲಿಯ ಸೈಕಲ್ ಸವಾರ ಮೋಸರ್‌ನ 51.151 ಕಿಲೋಮೀಟರ್ 1984ರಿಂದ ಅಲ್ಲಾಡಿರಲಿಲ್ಲ. ಓಬ್ರಿಗೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಕಡಿಮೆ ಬಿತ್ತು. ಬೇರೆಯವರಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರು. ಇವನು, ನಾಳೆ ಮತ್ತೆ ತುಳಿಯುತ್ತೇನೆ ಅಂದ. ಒಂದೇ ಸಮನೆ ಮಲಗಿದರೆ ಕಾಲು ಹಿಡಿದುಕೊಳ್ಳುತ್ತದಲ್ಲ, ಅದಕ್ಕೆ ಹೊಟ್ಟೆ ಬಿರಿಯ ನೀರು ಕುಡಿದು ಮಲಗಿದ. ಉಚ್ಚೆಗೆ ಎಚ್ಚರವಾದಾಗಲೆಲ್ಲ ಕಾಲು ಎಳೆದು ಸಡಿಲ ಮಾಡಿಕೊಂಡ. ಬೆಳಿಗ್ಗೆ, ಹಿಂದಿನ ದಿನ ತುಳಿದಿದ್ದ ಹೊಸ ನಕಲು ಸೈಕಲ್ ಬಿಟ್ಟು ತನ್ನ ಹಳೆಯದನ್ನೇ ಹತ್ತಿದ. 51.596!

ಆಫೀಸಿನ ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ. ಪ್ರತಿ ಸಲ ಅಲ್ಲಿಗೇ ನಿಲ್ಲಿಸುತ್ತೇನೆ. 6 ದಿನಕ್ಕೇ ಇಂಗ್ಲೆಂಡಿನ ಸವಾರ ಬೋರ್ಡ್‌ಮನ್ ಅದನ್ನು ಮುರಿದ, ಮರುವರ್ಷ ಆ ಕೋಳಿ ಭಂಗಿಯನ್ನೇ ನಿಷೇಧಿಸಿದರು ಅಂತ ಹೇಳಲ್ಲ. ಪರ್ಸ್ಯೂಟ್‌ನಲ್ಲಿ (ಟ್ರ್ಯಾಕಿನ ಎದುರುಬದುರು ಬದಿಯಿಂದ ಹೊರಟು ಒಬ್ಬರನ್ನೊಬ್ಬರು ಅಟ್ಟುವ ಸೈಕಲ್ ಓಟ) 1993, 1995 ಎರಡು ಸಲ ವಿಶ್ವ ಚಾಂಪಿಯನ್ ಆದರೂ ಖಿನ್ನತೆ ಬಿಡಲಿಲ್ಲ, ಪ್ರಾಣ ಕಳೆದುಕೊಳ್ಳಲು ಹೋಗಿ ಉಳಿದ ಅನ್ನುವುದನ್ನಂತೂ ಹೇಳುವುದೇ ಇಲ್ಲ. ಅವನೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾನೆ. ನನಗೇನು ನಾಚಿಕೆ?

ಮೊನ್ನೆ ಒಬ್ಬ ಹುಡುಗ ಕೇಳಿದ: "ಸರ್, ಅವತ್ತು ಸೋತು ಸುಮ್ನೆ ಮಲಗಿದ್ದರೆ ಏನಾಗುತ್ತಿತ್ತು?" ನನ್ನ ಬಾಯಿ ಕಟ್ಟಿತು. ನಾನೂ ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಎದ್ದು ಮೇಲ್ ನೋಡುತ್ತೇನೆ ಕಣೋ. ಯಾರೂ ಏನೂ ಕಳಿಸಿರಲ್ಲ. ನೋಡದೆ ಮಲಗಿದರೆ ಬೆಳಿಗ್ಗೆಯೊಳಗೆ ಯಾರಿಗೂ ಬೇಡದವನಾಗಿಬಿಡುತ್ತೇನೆ ಅನ್ನಿಸುತ್ತೆ. ಇದನ್ನು ಮನೆಯಲ್ಲೂ ಹೇಳಿಲ್ಲ.

ಅಯ್ಯೋ, ಜಾಸ್ತಿ ಆಯ್ತು. ನನ್ನದೇನು ಮಹಾ, ನೀರು ಕುಡಿಯದೆಯೂ ಎಚ್ಚರವಾಗುವ ವಯಸ್ಸು ಅಷ್ಟೆ. ಅಂದಹಾಗೆ ನಮ್ಮನೆ ವಾಷಿಂಗ್ ಮೆಷಿನ್ ಗರಗರ ಅನ್ನುತ್ತಿದೆ, ಬೇರಿಂಗೇ ಇರಬೇಕು. ಬಿಚ್ಚೋಣ ಅಂದರೆ ಇವಳು ಸ್ಕ್ರೂಡ್ರೈವರ್ ಬಚ್ಚಿಟ್ಟಿದ್ದಾಳೆ.

ಇಂತಿ,
ಕೆರೆ ಏರಿಯಿಂದ ಬಿದ್ದವನು